ಪಕ್ಕದ ಮನೆ ವಾರ್ಡ್‌ರೋಬೂ ನನ್ನ ಹೊಟ್ಟೆಯುರಿಯೂ

ನಾನು ಯಾರನ್ನಾದರೂ ನೋಡಿ ಹೊಟ್ಟೆ ಉರ್ಕೊಂಡ್ರೆ ಸಾಕು, ಒಂದು ವಾರದೊಳಗೆ ನಮ್ಮ ಮನೆಯಲ್ಲಿ ಏನಾದರೊಂದು ಅವಾಂತರ ಆಗಲೇಬೇಕು. ಚಿಕ್ಕಂದಿನಿಂದಲೂ ಹೀಗೇ. ಅಮೆರಿಕಕ್ಕೆ ಬಂದ ಮೇಲಾದರೂ ನಿಲ್ಲಬಹುದು ಅಂದ್ಕೊಂಡಿದ್ದೆ. ಎಲ್ಲಿ ನಿಲ್ಲುತ್ತೆ? ಇಲ್ಲಿ ಮನೆ ದೊಡ್ಡದು, ಅವಾಂತರಕ್ಕೂ ಜಾಗ ಜಾಸ್ತಿ.

ಬೇರೆ ಹೆಂಗಸರು ಒಡವೆ ನೋಡಿ, ಕಾರು ನೋಡಿ, ಇಲ್ಲಿನ ಶ್ರೀಮಂತರ ಮರ್ಸರ್ ಐಲ್ಯಾಂಡ್‌ನಲ್ಲಿ ನೀರು ಕಾಣೋ ಮನೆ ನೋಡಿ ಹೊಟ್ಟೆ ಉರ್ಕೋತಾರೆ. ಅದರಲ್ಲೊಂದು ಮರ್ಯಾದೆ ಇದೆ. ನಾನು ಈ ವರ್ಷ ಉರಿದಿದ್ದು ಪಕ್ಕದ ಮನೆಯ ಒಂದು ವಾರ್ಡ್‌ರೋಬ್ ನೋಡಿ. ಅದೂ ಸೀರೆ ಇಡೋ ವಾರ್ಡ್‌ರೋಬ್ ಅಲ್ಲ. ರೌಟರು, ಚಾರ್ಜರು, ವೈರು, ಹಳೇ ಲ್ಯಾಪ್‌ಟಾಪು ಇಡೋ ವಾರ್ಡ್‌ರೋಬ್. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಹೇಳ್ತೀನಿ.

ನಾವಿರೋದು ಈಸ್ಟ್‌ಗೇಟ್ ಅನ್ನೋ ಬಡಾವಣೆಯಲ್ಲಿ. ಒಂದೇ ಅಚ್ಚಿನ ಆರು ಮನೆ ಸಾಲಾಗಿವೆ, ಗೋಡೆಗೆ ಗೋಡೆ ಅಂಟಿಕೊಂಡು. ಮಗ ದೂರದ ಕಾಲೇಜಿಗೆ ಸೇರಿದ್ದಾನೆ, ಹಾಗಾಗಿ ಮನೆಯಲ್ಲಿ ನಾನು, ನಮ್ಮವರು. ಪಕ್ಕದ ಮನೆಯಲ್ಲಿ ಧಾರವಾಡದವರು. ಆಕೆಯೂ ನನ್ನ ಹಾಗೇ ಸಾಫ್ಟ್‌ವೇರ್ ಕೆಲಸ. ನನ್ನ ಹಾಗೇ ಎರಡು ಕೈ, ದಿನಕ್ಕೆ ಇಪ್ಪತ್ನಾಲ್ಕು ಗಂಟೆ. ಅದು ಹೇಗೆ ಆಕೆಯ ಮನೆ ಮಾತ್ರ ಹಾಗಿರುತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ಮೈಸೂರಿನಿಂದ ನಮ್ಮತ್ತೆ ಬಂದರು, ಆರು ತಿಂಗಳಿಗೆ. ನಮ್ಮತ್ತೆ ಬಯ್ಯೋ ಪೈಕಿ ಅಲ್ಲ, ಅದನ್ನ ಒಪ್ಕೋಬೇಕು. ಆದರೆ ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನ ಒಂದೇ ಒಂದು ಸಲ ಹೊಗಳಿದವರೂ ಅಲ್ಲ. ಬಿಸಿಬೇಳೆಬಾತ್ ಮಾಡಿದರೆ ಮೂರು ಸಲ ಹಾಕಿಸ್ಕೊಂಡು "ಹೂಂ, ಆಯ್ತು" ಅಂತಾರೆ. ನನಗೆ ಪ್ರಮೋಷನ್ ಬಂದಾಗಲೂ "ಹೂಂ, ಆಯ್ತು". ಈ ಸಲ ಅವರು ವಾಪಸ್ ವಿಮಾನ ಹತ್ತೋದರೊಳಗೆ ಅವರ ಬಾಯಿಂದ ಒಂದು ಒಳ್ಳೇ ಮಾತು ಹೊರಡಿಸಲೇಬೇಕು ಅಂತ ನಾನು ಹಠ ತೊಟ್ಟಿದ್ದೆ.

೧. ಊರಿನ ಪಿನ್

ಅತ್ತೆ ಬಂದ ಮಾರನೇ ದಿನವೇ ಅವರ ಫೋನ್ ಚಾರ್ಜರ್ ನಮ್ಮ ಗೋಡೆಗೆ ಹೊಂದಲಿಲ್ಲ. ಊರಿನದು ದುಂಡು ಪಿನ್ನು, ಇಲ್ಲಿನದು ಚಪ್ಪಟೆ ತೂತು. ಅಡಾಪ್ಟರ್ ಬೇಕು. ನಮ್ಮ ಮನೆಯಲ್ಲಿ ಅಡಾಪ್ಟರ್ ಕಡೇ ಪಕ್ಷ ಎಂಟಿವೆ. ಎಲ್ಲಿವೆ ಅಂತ ಕೇಳಬಾರದು, ಅಷ್ಟೆ.

ನಾನೂ ನಮ್ಮವರೂ ಮುಕ್ಕಾಲು ಗಂಟೆ ಹುಡುಕಿದೆವು. ನಾವು ಯಾವತ್ತೋ ಬಿಸಾಕಿದ ಟಿವಿಯ ಮೂರು ರಿಮೋಟ್ ಸಿಕ್ಕವು. ಸಾಸಿವೆ ಡಬ್ಬಿಯ ಹಿಂದೆ ಕ್ಯಾಮೆರಾದ ಬ್ಯಾಟರಿ ಸಿಕ್ತು. ಕ್ಯಾಮೆರಾ ಶೂ ರ‍್ಯಾಕ್‌ನಲ್ಲಿ ಸಿಕ್ತು. ಅಡಾಪ್ಟರ್ ಮಾತ್ರ ಇಲ್ಲ. ಅತ್ತೆ ಸೋಫಾದ ಮೇಲೆ ಚಾರ್ಜರ್ ಕೈಯಲ್ಲಿ ಹಿಡ್ಕೊಂಡು ಬಸ್ಸಿಗೆ ಕಾಯೋರ ಥರ ಕೂತಿದ್ರು. ಕೊನೆಗೆ ನಾನೇ "ಬನ್ನಿ ಅತ್ತೆ, ಪಕ್ಕದ ಮನೇಲಿ ಕೇಳೋಣ" ಅಂದೆ. ನನ್ನ ಬಾಯಿಗೆ ಮಣ್ಣು ಹಾಕ.

"ಅಡಾಪ್ಟರ್ ಏನ್ರೀ? ಬರ್ರಿ, ಬರ್ರಿ, ಒಳಗ ಬರ್ರಿ" ಅಂತ ಧಾರವಾಡದಾಕೆ ಸೀದಾ ಒಂದು ವಾರ್ಡ್‌ರೋಬ್ ಬಾಗಿಲು ತೆಗೆದರು.

ಏನಂತ ಹೇಳಲಿ! ಮೇಲಿನ ಶೆಲ್ಫಿನಲ್ಲಿ ರೌಟರ್ರೂ ಮೋಡೆಮ್ಮೂ, ಸುತ್ತ ಗಾಳಿ ಆಡೋ ಹಾಗೆ ಜಾಗ ಬಿಟ್ಟು. ಕೆಳಗೆ ಪ್ರಿಂಟರ್. ಅದರ ಕೆಳಗೆ ಸಾಲಾಗಿ ಪಾರದರ್ಶಕ ಡಬ್ಬಿಗಳು. ಒಂದೊಂದು ವೈರನ್ನೂ ಸುರುಳಿ ಸುತ್ತಿ ಹಳೇ ಇಳಕಲ್ ಸೀರೆ ಅಂಚಿನ ಚೂರಿನಲ್ಲಿ ಕಟ್ಟಿದಾರೆ. ಪ್ಲಗ್ ಹಾಕೋ ಪಟ್ಟಿ ನೆಲದ ಮೇಲೆ ಬಿದ್ದಿಲ್ಲ, ಗೋಡೆಗೆ ಮೊಳೆ ಹೊಡೆದು ಕೂರಿಸಿದಾರೆ. ಬಾಗಿಲಿಗೆ ಬಿಸಿಗಾಳಿ ಹೋಗೋಕೆ ಸಂದಿ ಸಂದಿ ಪಟ್ಟಿ. ಪ್ರತಿ ಡಬ್ಬಿಗೂ ಕನ್ನಡದಲ್ಲಿ ಹೆಸರು. "ಫೋನ್", "ಕ್ಯಾಮೆರಾ", "ಲ್ಯಾಪ್‌ಟಾಪ್". ಆಕೆ "ಊರಿನ ಪಿನ್" ಅಂತ ಬರೆದಿದ್ದ ಡಬ್ಬಿ ಎಳೆದು ಅಡಾಪ್ಟರ್ ಕೊಟ್ಟರು. ನೆಟ್ಟಗೆ ಅರ್ಧ ನಿಮಿಷವೂ ಆಗಲಿಲ್ಲ.

ಅತ್ತೆ ಕಡೆ ತಿರುಗಿ ನೋಡ್ತೀನಿ, ಚಳಿಗೆ ಅಂತ ಹಾಕ್ಕೊಂಡಿದ್ದ ಮನೆ ಚಪ್ಪಲಿನ ಆ ವಾರ್ಡ್‌ರೋಬ್ ಮುಂದೆ ಬಿಟ್ಟಿದಾರೆ!

"ಅಬ್ಬಬ್ಬಾ! ಎಂಥಾ ಕೈಯಮ್ಮ ನಿಂದು! ಇದು ಬೀರುನಾ, ಕನ್ನಡಿನಾ!" ಅಂದರು. ನನಗೆ ಇಪ್ಪತ್ತೆರಡು ವರ್ಷದಲ್ಲಿ ಸಿಗದಿದ್ದದ್ದು ಆಕೆಗೆ ಅರ್ಧ ನಿಮಿಷದಲ್ಲಿ ಸಿಕ್ತು. ನನ್ನ ಎದೆಯಿಂದ ಹೊಗೆ ಬಂದಿದ್ದು ಅಲ್ಲಿರೋ ಸ್ಮೋಕ್ ಅಲಾರಂಗೆ ಯಾಕೆ ಗೊತ್ತಾಗಲಿಲ್ವೋ.

ಮನೆಗೆ ಬಂದ ತಕ್ಷಣ ನಮ್ಮವರು ಕೇಳಿದರು, "ಅಮ್ಮ, ಅಡಾಪ್ಟರ್ ಸಿಕ್ತಾ?"

"ಅಡಾಪ್ಟರ್ ನಮಗೆ ಸಿಕ್ತು ಕಣೋ" ಅಂದರು ಅತ್ತೆ. "ಸೊಸೆ ಪಕ್ಕದ ಮನೆಯವರಿಗೆ ಸಿಕ್ಕಿದಾಳೆ."

೨. ಬೇಕಾಗುತ್ತೆ

ಇರಲಿ, ನನಗೇನು ಕೈ ಬಿದ್ದುಹೋಗಿದೆಯಾ ಅಂತ ನಾನು ಆ ಶನಿವಾರವೇ ಸೆರಗು ಸಿಕ್ಕಿಸಿ ನಿಂತೆ. ಮಗನ ರೂಮಿನ ವಾರ್ಡ್‌ರೋಬ್ ಖಾಲಿ ಇತ್ತು. ಮನೆಯಲ್ಲಿರೋ ವೈರು, ಪಿನ್ನು, ಪೆಟ್ಟಿಗೆ ಎಲ್ಲ ತಂದು ಹಾಲ್‌ನ ಕಾರ್ಪೆಟ್ ಮೇಲೆ ಸುರಿದೆ. ಬೇಡದ್ದನ್ನ ಬಿಸಾಕೋದು, ಉಳಿದದ್ದನ್ನ ಜೋಡಿಸೋದು ಅಂತ ಲೆಕ್ಕ.

ಒಂದು ದಪ್ಪ ಬೂದು ವೈರು ಎತ್ತಿದೆ. ನಮ್ಮವರು ಹಾರಿ ಬಂದು ಹಿಡ್ಕೊಂಡರು. "ಏ, ಅದು ಬೇಕಾಗುತ್ತೆ."

"ಯಾವುದಕ್ಕೆ ರೀ?"

"ಗೊತ್ತಿಲ್ಲ."

"ಗೊತ್ತಿಲ್ಲದ ಮೇಲೆ ಯಾಕೆ ಇಟ್ಕೋಬೇಕು?"

"ಗೊತ್ತಿಲ್ಲ ಅಂತಲೇ ಇಟ್ಕೋಬೇಕು. ಗೊತ್ತಿದ್ದಿದ್ರೆ ಧೈರ್ಯವಾಗಿ ಬಿಸಾಕಬಹುದಿತ್ತು."

ಇವರು ದೊಡ್ಡ ಕಂಪನಿಯಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟು. ಇವರ ಮಾತು ಕೇಳಿ ಮೂವತ್ತು ಜನ ಕೆಲಸ ಮಾಡ್ತಾರೆ. ದೇವರೇ ಕಾಪಾಡಬೇಕು.

ಆಮೇಲೆ ಏಳು ಹಳೇ ಫೋನು. "ಇವು ಊರಿಗೆ ಹೋದಾಗ ಯಾರಿಗಾದ್ರೂ ಕೊಡೋಕೆ." ಐದು ಸಲ ಊರಿಗೆ ಹೋಗಿ ಬಂದಿದ್ದೀವಿ. ಐದು ಸಲವೂ ಕೊನೇ ಘಳಿಗೆಯಲ್ಲಿ ಚಾಕ್ಲೇಟು, ಬಾದಾಮಿ, ವಿಟಮಿನ್ ಮಾತ್ರೆ ತುಂಬಿ ಸೂಟ್‌ಕೇಸ್ ತೂಕ ಮುಗಿದುಹೋಗುತ್ತೆ. ಫೋನುಗಳು ಇಲ್ಲೇ ಕೂತು ಮುದಿಯಾಗ್ತಿವೆ. ಆಮೇಲೆ ಖಾಲಿ ಬಾಕ್ಸ್‌ಗಳು. ಪುಣ್ಯಾತ್ಮರು ಪ್ರತಿಯೊಂದು ಸಾಮಾನಿನ ಬಾಕ್ಸನ್ನೂ ಇಟ್ಕೊಂಡಿದಾರೆ. ಯಾಕೆ ಅಂದ್ರೆ "ರಿಟರ್ನ್ ಮಾಡ್ಬೇಕಾದ್ರೆ ಬಾಕ್ಸ್ ಬೇಕಲ್ಲ". ತಗೊಂಡು ಒಂಬತ್ತು ವರ್ಷ ಆಗಿರೋ ಸ್ಪೀಕರ್ರು!

ಹೋಗಲಿ, ಅತ್ತೆಯಾದ್ರೂ ನನ್ನ ಕಡೆ ಆಗ್ತಾರೆ ಅಂದ್ಕೊಂಡೆ. ಅವರು ಸದ್ದಿಲ್ಲದೆ ಬಂದು ಥರ್ಮಾಕೋಲ್ ತುಂಡುಗಳನ್ನೆಲ್ಲ ಆರಿಸಿ ಮಡಿಲಿಗೆ ಹಾಕ್ಕೊಂಡರು. "ಇವು ದಸರಾ ಗೊಂಬೆ ಕೂರಿಸೋಕೆ ಬೇಕಾಗುತ್ತೆ." ನಮ್ಮವರು ಯಾರ ಕೈಯಲ್ಲಿ ಬೆಳೆದದ್ದು ಅಂತ ನನಗೆ ಅವತ್ತು ಚೆನ್ನಾಗಿ ಅರ್ಥ ಆಯ್ತು.

ಸಂಜೆ ಹೊತ್ತಿಗೆ ನೋಡಿದರೆ ಮನೆಯಿಂದ ಆಚೆ ಹೋಗಿದ್ದು ಒಂದೇ ಒಂದು ವಸ್ತು. ಅದು ನಾನು. ತಲೆ ಕೆಟ್ಟು ವಾಕಿಂಗ್ ಹೊರಟಿದ್ದೆ.

೩. ಅಳತೆ

ಆಕೆಯ ವಾರ್ಡ್‌ರೋಬ್ ಒಳಗಿನ ಶೆಲ್ಫುಗಳ ಅಳತೆ ಸಿಕ್ಕರೆ ನಾನೂ ಹಾಗೇ ಮಾಡಿಸಬಹುದು ಅಂತ ಆಮೇಲೆ ಹೊಳೀತು. ಬಾಯಿ ಬಿಟ್ಟು ಕೇಳಬಹುದಿತ್ತು. ಕೇಳಿದರೆ ನಾನು ಕಾಪಿ ಹೊಡೀತಿದೀನಿ ಅಂತ ಗೊತ್ತಾಗಲ್ವಾ? ಪ್ರಾಣ ಹೋದ್ರೂ ಕೇಳಲ್ಲ ಅಂತ ಒಂದು ಬಟ್ಟಲು ಕೋಸಂಬರಿ ಹಿಡ್ಕೊಂಡು ಹೋದೆ.

ಆಕೆ "ಕೂಡ್ರಿ, ಚಾ ಮಾಡ್ಕೊಂಡ್ ಬರ್ತೀನಿ" ಅಂತ ಅಡುಗೆಮನೆಗೆ ಹೋದರು. ನಾನು ಬೆಕ್ಕಿನ ಹೆಜ್ಜೆ ಇಟ್ಕೊಂಡು ವಾರ್ಡ್‌ರೋಬ್ ತೆಗೆದೆ. ಆಗ ನೆನಪಾಯ್ತು, ಟೇಪ್ ತಂದಿಲ್ಲ. ಸರಿ, ಗೇಣು ಹಾಕಿದೆ. ಮೇಲಿನ ಶೆಲ್ಫು ಒಂದು ಗೇಣು ನಾಲ್ಕು ಬೆರಳು. ಅದರ ಕೆಳಗಿನದು ಒಂದೂವರೆ ಗೇಣು. ಕೆಳಗಡೆಯದನ್ನ ಅಳೆಯೋಕೆ ಮಂಡಿಯೂರಿ ಅರ್ಧ ದೇಹ ಒಳಗೆ ತೂರಿಸಿದ್ದೆ. ಬಳೆ ಯಾವುದೋ ವೈರಿಗೆ ಸಿಕ್ಕಿಹಾಕ್ಕೊಳ್ತು.

ಹಿಂದಿನಿಂದ ದನಿ ಬಂತು. "ಏನ್ ಹುಡುಕಾಕತ್ತೀರಿ?"

ಚಾ ತಟ್ಟೆ ಹಿಡಿದು ನಿಂತಿದಾರೆ. ನನ್ನ ಬಾಯಿಗೆ ಬಂದಿದ್ದು, "ಅದೂ... ನನ್ನ ಓಲೆ ತಿರುಪು ಬಿದ್ದುಹೋಯ್ತು."

"ಅಯ್ಯ ಶಿವನ! ಬಂಗಾರದ್ದೇನ್ರೀ?" ಅಂತ ಆಕೆ ತಟ್ಟೆ ಕೆಳಗಿಟ್ಟು, "ಟಾರ್ಚ್" ಅಂತ ಬರೆದಿದ್ದ ಡಬ್ಬಿಯಿಂದ ಟಾರ್ಚ್ ತೆಗೆದು, ನನ್ನ ಪಕ್ಕ ಮಂಡಿಯೂರಿದರು. ಇಬ್ಬರೂ ಸೇರಿ ಒಂದೊಂದೇ ಡಬ್ಬಿ ಆಚೆ ತೆಗೆದು, ಕಾರ್ಪೆಟ್ ತಡವಿ, ಮತ್ತೆ ಒಳಗಿಟ್ಟೆವು. ಆಕೆ ಪ್ರತಿ ಡಬ್ಬಿಯನ್ನೂ ಮೊದಲಿದ್ದ ಜಾಗಕ್ಕೇ ಇಡ್ತಿದ್ರು. ಅದು ನೋಡಿ ಇನ್ನೂ ಉರೀತು. ಚಾ ತಣ್ಣಗಾಯ್ತು.

ಅರ್ಧ ಗಂಟೆ ಆದ ಮೇಲೆ ಆಕೆ ಟಾರ್ಚ್ ಆರಿಸಿ ನಿಟ್ಟುಸಿರು ಬಿಟ್ಟರು. "ತಿರುಪಿನ ಚಿಂತಿ ಬಿಡ್ರಿ. ಎರಡೂ ನಿಮ್ಮ ಕಿವ್ಯಾಗ ಅದಾವು."

ನಾನು ಭೂಮಿ ಬಾಯಿ ಬಿಡಬಾರದಾ ಅಂತ ನಿಂತಿದ್ದೆ. ಆಕೆ ಒಂದು ಚೀಟಿ ಬರೆದು ಕೈಗೆ ಕೊಟ್ಟರು.

"ಶೆಲ್ಫಿನ ಅಳತಿ ಇಂಚಿನ್ಯಾಗ ಬರದೀನಿ. ಗೇಣಿನ್ಯಾಗ ಹೇಳಿದ್ರ ಇಲ್ಲಿ ಅಂಗಡಿಯಾಂವಗ ತಿಳಿಯಂಗಿಲ್ರೀ."

೪. ಮುಚ್ಚಳ

ಆ ಚೀಟಿಯನ್ನ ನಾನು ಉಪಯೋಗಿಸಲಿಲ್ಲ. ಸ್ವಾಭಿಮಾನ ಅನ್ನೋದು ಒಂದಿದೆಯಲ್ಲ! ಆಕೆಯದು ಪ್ಲಾಸ್ಟಿಕ್ ಡಬ್ಬಿ, ನಾನು ಅದಕ್ಕಿಂತ ಒಂದು ಕೈ ಮೇಲೆ ಹೋಗ್ತೀನಿ ಅಂತ ತೀರ್ಮಾನ ಮಾಡಿದೆ. ನಮ್ಮಮ್ಮ ಮದುವೆಗೆ ಕೊಟ್ಟಿದ್ದ ಸ್ಟೀಲ್ ಡಬ್ಬಿಗಳನ್ನ ಗ್ಯಾರೇಜಿನಿಂದ ಇಳಿಸಿ ಫಳಫಳ ಉಜ್ಜಿದೆ. ದೊಡ್ಡ ಅಕ್ಕಿ ಡಬ್ಬಿಗೆ ವೈರು, ಅವಲಕ್ಕಿ ಡಬ್ಬಿಗೆ ಚಾರ್ಜರು. ಎಲ್ಲಕ್ಕಿಂತ ಅಗಲವಾಗಿದ್ದ ಚಕ್ಕುಲಿ ಡಬ್ಬಿಗೆ ರೌಟರು. ಗಾಳಿ ಬೇಕಲ್ಲ ಅಂತ ಅದರ ಮುಚ್ಚಳವನ್ನ ಒಂಚೂರು ಓರೆ ಮಾಡಿಟ್ಟೆ. ವಾರ್ಡ್‌ರೋಬ್ ತೆಗೆದರೆ ಕಣ್ಣು ಕುಕ್ಕಬೇಕು, ಹಾಗಿತ್ತು.

ಸೋಮವಾರ ಬೆಳಿಗ್ಗೆ ನಮ್ಮವರಿಗೆ ಮನೆಯಿಂದಲೇ ದೊಡ್ಡ ಮೀಟಿಂಗು. ಇವರು ಬಾಯಿ ತೆರೆದಿದ್ದಷ್ಟೆ, ಸ್ಕ್ರೀನ್‌ನಲ್ಲಿ ಮುಖ ಹಾಗೇ ನಿಂತುಹೋಯ್ತಂತೆ. ಬಾಯಿ ತೆರೆದ ಮುಖವನ್ನ ಅವರ ಬಾಸು ಹತ್ತು ನಿಮಿಷ ನೋಡಿದರಂತೆ. ಅದೇ ಹೊತ್ತಿಗೆ ಹಾಲ್‌ನಲ್ಲಿ ಅತ್ತೆಯ ಧಾರಾವಾಹಿ. ಕಳೆದುಹೋದ ಮಗಳು ತಾಯಿಯನ್ನ ಗುರುತು ಹಿಡಿಯೋ ಎಪಿಸೋಡು. ಅತ್ತೆ ನಾಲ್ಕು ತಿಂಗಳಿಂದ ಕಾಯ್ತಿದ್ದದ್ದು. ತಾಯಿ "ಮಗಳೇ" ಅಂತ ಕೈ ಚಾಚಿದಳು, ಚಾಚಿದ ಕೈ ಚಾಚಿದ ಹಾಗೇ ನಿಂತಿತು. ಪರದೆ ಮೇಲೆ ಚಕ್ರ ತಿರುಗೋಕೆ ಶುರುವಾಯ್ತು.

ಅತ್ತೆ ಐದು ನಿಮಿಷ ಕಾದರು. ಆಮೇಲೆ ಎದ್ದು ಶಾಲು ಹೊದ್ದು ಪಕ್ಕದ ಮನೆಗೆ ಹೋದರು. ನನ್ನ ಕಣ್ಣೆದುರಿಗೇ! ಅಲ್ಲಿ ತಾಯಿ ಮಗಳು ಆರಾಮಾಗಿ ಒಂದಾದರು.

ಇತ್ತ ನಮ್ಮವರು ರೌಟರ್ ಹುಡುಕಿಕೊಂಡು ಮನೆಯೆಲ್ಲ ಸುತ್ತಿ ಕೊನೆಗೆ ವಾರ್ಡ್‌ರೋಬ್ ತೆಗೆದರು. "ಲೇ, ಸ್ಟೀಲ್ ಒಳಗಿಂದ ಸಿಗ್ನಲ್ ಆಚೆ ಬರುತ್ತೇನೇ? ನೀನು ಇಂಜಿನಿಯರಿಂಗ್ ಓದಿದೀಯಲ್ಲೇ!" ಅಂತ ತಲೆ ಚಚ್ಚಿಕೊಂಡರು. ನಾನು ಓದಿದ್ದೆ. ಹೊಟ್ಟೆಯುರಿ ಬಂದಾಗ ಸಿಲಬಸ್ ಯಾರಿಗೆ ನೆನಪಿರುತ್ತೆ?

ಆ ಹೊತ್ತಿಗೆ ಅತ್ತೆ ಕಣ್ಣೊರೆಸಿಕೊಳ್ತಾ ಬಂದರು. ಡಬ್ಬಿಯೊಳಗಿದ್ದ ರೌಟರನ್ನ ಬೆರಳಲ್ಲಿ ಮುಟ್ಟಿ ನೋಡಿದರು. ಸುಡ್ತಿತ್ತು.

"ಇನ್ನೆರಡು ವಿಷಲ್ ಬಂದಿದ್ರೆ ಬೆಂದುಬಿಡೋದು" ಅಂದರು.

೫. ಉಬ್ಬಿದ್ದು

ಇದೊಂದು ನಗೋ ವಿಷಯ ಅಲ್ಲ. ಈಗ ನಗ್ತೀನಿ, ಅವತ್ತು ನಗಲಿಲ್ಲ.

ಆ ಏಳು ಹಳೇ ಫೋನುಗಳನ್ನ ನಾನು ಬಲು ಮುತುವರ್ಜಿಯಿಂದ ಇಟ್ಟಿದ್ದೆ. ಒಂದಕ್ಕೊಂದು ತಾಗಿ ಗೀರು ಬೀಳಬಾರದು ಅಂತ ಹಳೇ ರೇಷ್ಮೆ ಸೀರೆಯಲ್ಲಿ ಬಿಗಿಯಾಗಿ ಸುತ್ತಿ, ಅಲ್ಲಾಡಬಾರದು ಅಂತ ಮೇಲೆ ಊರಿನ ಮಿಕ್ಸಿ ಹೇರಿದ್ದೆ. ಜುಲೈ ಸೆಕೆ. ಮಧ್ಯಾಹ್ನ ಅತ್ತೆ ಅದೇನೋ ಹುಡುಕ್ತಾ ಆ ಗಂಟು ಬಿಚ್ಚಿದರು.

"ಇದೇನೇ ಇದು, ಪೂರಿ ಥರ ಉಬ್ಬಿದೆ?"

ನೋಡ್ತೀನಿ, ಒಂದು ಫೋನಿನ ಬೆನ್ನು ಬಿರಿದು ಬ್ಯಾಟರಿ ದಪ್ಪಗೆ ಊದಿಕೊಂಡಿದೆ. ಅತ್ತೆ ಅದರ ಮೇಲೆ ಹೆಬ್ಬೆರಳಿಟ್ಟು ಗಾಳಿ ಬಿಡೋಕೆ ಅಂತ ಒತ್ತೋದರಲ್ಲಿದ್ದರು. ನಾನು ಕಿರುಚಿದ ಕಿರುಚಾಟಕ್ಕೆ ಗೋಡೆಯಾಚೆ ಇದ್ದ ಧಾರವಾಡದಾಕೆ ಓಡಿ ಬಂದರು.

"ಒತ್ತಬ್ಯಾಡ್ರಿ! ಕೈ ಬಿಡ್ರಿ ಅಜ್ಜೀ, ದೂರ ಸರೀರಿ!" ಅಂದವರೇ ಮನೆಗೆ ಹೋಗಿ ಒಂದು ತಗಡಿನ ಡಬ್ಬಿ ತುಂಬ ಒಣ ಮರಳು ತಂದರು. ಕೈಗವಸು ತೊಟ್ಟು ಆ ಫೋನನ್ನ ಹಗೂರಕ್ಕೆ ಎತ್ತಿ ಮರಳಿನ ಮೇಲಿಟ್ಟು, ಹಿತ್ತಲಿನ ಕಾಂಕ್ರೀಟ್ ಮೇಲೆ, ಗೋಡೆ, ಬೇಲಿ ಎಲ್ಲದರಿಂದ ದೂರ ಇಟ್ಟು ಬಂದರು. ಉಳಿದ ಆರನ್ನೂ ಒಂದೊಂದಾಗಿ ನೋಡಿದರು. ಇನ್ನೊಂದು ಉಬ್ಬೋಕೆ ಶುರುವಾಗಿತ್ತು. "ಇವನ್ನ ಕಸದ ಡಬ್ಬ್ಯಾಗ ಹಾಕಬ್ಯಾಡ್ರಿ. ಬ್ಯಾಟರಿ ತಗೊಳ್ಳೋ ಕೇಂದ್ರಕ್ಕ ಫೋನ್ ಮಾಡಿ ಕೇಳ್ಕೊಂಡು ಒಯ್ಯೂಣು. ಬಟ್ಟಿಯೊಳಗ ಸುತ್ತಿ, ಮ್ಯಾಲ ಭಾರ ಹೇರಿ ಎಂದೂ ಇಡಬಾರ್ದು" ಅಂದರು.

ಮನೆ ಉಳಿಸಿದರು. ಅತ್ತೆಯ ಕೈ ಉಳಿಸಿದರು. ನಾನು ಕಾಲಿಗೆ ಬೀಳಬೇಕಿತ್ತು. ನನ್ನ ಮನಸ್ಸಿಗೆ ಬಂದಿದ್ದೇನು ಗೊತ್ತಾ? ಈಕೆ ಮನೇಲಿ ಮರಳು ಬೇರೆ ಇದೆಯಾ! ಅಷ್ಟು ಕೆಟ್ಟವಳಾಗಿದ್ದೆ ನಾನು.

ವಾರ್ಡ್‌ರೋಬಿನ ಸಹವಾಸವೇ ಸಾಕು ಅಂತ ಒಳಗಿದ್ದದ್ದನ್ನೆಲ್ಲ ತೆಗೆದು ಮಗನ ಮಂಚದ ಮೇಲೆ ಸುರಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡ್ತಿದ್ರು. ಈಗಲಾದರೂ "ಹೋಗಲಿ ಬಿಡಮ್ಮ, ಗಾಬರಿಯಾಗಿದೀಯ" ಅಂತಾರೇನೋ ಅಂತ ಅವರ ಮುಖ ನೋಡಿದೆ.

"ಆ ಮರಳಿನ ಡಬ್ಬಿ ಮೇಲೂ 'ಮರಳು' ಅಂತ ಬರೆದಿತ್ತು ಕಣೇ" ಅಂದರು. "ನಮ್ಮನೇಲಿ ಉಪ್ಪು, ಸಕ್ಕರೆ ಡಬ್ಬಿ ಮೇಲೂ ಬರೆದಿಲ್ಲ."

೬. ಒಂದು ತಾಸಿನ ಮನೆ

ಸೆಪ್ಟೆಂಬರ್‌ನಲ್ಲಿ ಒಂದಿನ ಆಫೀಸಿನಲ್ಲಿದ್ದೆ, ಫೋನು ಟಣ್ ಟಣ್ ಅನ್ನೋಕೆ ಶುರುವಾಯ್ತು. ನಮ್ಮವರ ಕಡೆಯ ಫ್ಯಾಮಿಲಿ ಗ್ರೂಪು.

ನಮ್ಮತ್ತೆಗೆ ಒಬ್ಬರು ಓರಗಿತ್ತಿ ಇದಾರೆ, ಮಾವನ ತಮ್ಮನ ಹೆಂಡತಿ. ನಾನು ಚಿಕ್ಕತ್ತೆ ಅಂತೀನಿ. ಇವರಿಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದಾಗಿನಿಂದ ಜಿದ್ದು. ಆಕೆ ಚಿರೋಟಿ ಮಾಡಿದರೆ ಇವರು ಮಂಡಿಗೆ ಮಾಡ್ತಾರೆ. ಆ ಚಿಕ್ಕತ್ತೆ ಆಗ ಟೆಕ್ಸಸ್‌ನಲ್ಲಿ ಮಗನ ಮನೆಯಲ್ಲಿದ್ದರು. ಅಲ್ಲಿಂದ ತನ್ನ ಸೊಸೆಯ ಅಡುಗೆಮನೆ ಕಪಾಟಿನ ಫೋಟೋ ಹಾಕಿದ್ದರು. ಅದಕ್ಕೆ ಉತ್ತರವಾಗಿ ನಮ್ಮತ್ತೆ ಒಂದು ಫೋಟೋ ಹಾಕಿದ್ದಾರೆ. ಪಕ್ಕದ ಮನೆಯ ವಾರ್ಡ್‌ರೋಬ್! ಕೆಳಗೆ ಬರೆದಿದ್ದಾರೆ, "ನನ್ನ ಸೊಸೆ ಜೋಡಿಸಿರೋ ಬೀರು."

ನೆಂಟರೆಲ್ಲ ಕೈ ಮುಗಿದಿದ್ದರು. "ಸೊಸೆ ಅಂದ್ರೆ ಹೀಗಿರಬೇಕು" ಅಂತ ಯಾರೋ ಬರೆದಿದ್ದರು. ನಾನು ನಿಜ ಹೇಳಬೇಕಿತ್ತು, ಒಪ್ಕೋತೀನಿ. ಆದರೆ "ನನ್ನ ಸೊಸೆ" ಅನ್ನೋದನ್ನ ನಾಲ್ಕು ಸಲ ಓದಿದೆ. "ಥ್ಯಾಂಕ್ಸ್" ಅಂತ ಟೈಪ್ ಮಾಡಿ ಕಳಿಸಿಬಿಟ್ಟೆ.

ಸಂಜೆ ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದರು, "ಏನ್ಮಾಡ್ಲಿ, ಅವಳು ಫೋಟೋ ಹಾಕಿದ್ಲು. ನನಗೆ ಹೊಟ್ಟೆ ಉರಿದುಹೋಯ್ತು. ನಿನ್ನ ಬೀರು ಹಾಕಿದ್ರೆ ಮಾನ ಉಳೀತಿತ್ತಾ?"

ಅಷ್ಟಕ್ಕೇ ಮುಗಿದಿದ್ರೆ ಚೆನ್ನಾಗಿತ್ತು. ಅತ್ತೆ ಹೊರಡೋಕೆ ಹತ್ತು ದಿನ ಇರೋವಾಗ ಆ ಚಿಕ್ಕತ್ತೆಯ ಮಗನಿಗೆ ನಮ್ಮ ಹತ್ತಿರದ ರೆಡ್ಮಂಡ್‌ನಲ್ಲಿ ಕೆಲಸ ಸಿಕ್ಕಿ, ಡುವಾಲ್‌ನಲ್ಲಿ ಮನೆ ಹಿಡಿದು, ಅಮ್ಮನ ಸಮೇತ ಬಂದಿಳಿದ. ಚಿಕ್ಕತ್ತೆಯ ಫೋನು ಬಂತು. "ಅಕ್ಕಾ, ಭಾನುವಾರ ಬರ್ತೀವಿ. ಮಿಕ್ಕಿದ್ದೇನೂ ಬೇಡ, ಆ ಬೀರು ಒಂದ್ಸಲ ಕಣ್ಣಾರೆ ನೋಡಬೇಕು."

ಅತ್ತೆ ಫೋನಿಟ್ಟು ನನ್ನ ರೂಮಿಗೆ ಬಂದರು. ಮದುವೆಯಾದಾಗಿನಿಂದ ಅವರು ನನ್ನ ಹತ್ತಿರ ಏನನ್ನೂ ಬೇಡಿಲ್ಲ. ಅವತ್ತು ಕೈ ಹಿಸುಕಿಕೊಳ್ತಾ, "ಏನಾದ್ರೂ ಮಾಡೇ. ಅವಳ ಮುಂದೆ ಮಾತ್ರ ನನ್ನ ತಲೆ ತಗ್ಗಿಸಬೇಡ" ಅಂದರು. ಕಣ್ಣಲ್ಲಿ ನೀರಿತ್ತು.

ನಾನು ಸೀದಾ ಪಕ್ಕದ ಮನೆಗೆ ಹೋಗಿ, ನಾಚಿಕೆ ಬಿಟ್ಟು ಎಲ್ಲ ಹೇಳಿಬಿಟ್ಟೆ. ನನ್ನ ಹೊಟ್ಟೆಯುರಿ ಸಮೇತ. ಆಕೆ ಬಿದ್ದೂ ಬಿದ್ದೂ ನಕ್ಕರು. "ಅಯ್ಯ, ಅದಕ್ಯಾಕ ಇಷ್ಟು ಚಿಂತಿ? ಒಂದು ತಾಸು ನಮ್ಮ ಮನಿ ನೀವು ತಗೋರಿ." ಇಷ್ಟು ಸಲೀಸಾಗಿ ಮನೆ ಕೊಡ್ತಾರಲ್ಲ, ಆ ಗುಣಕ್ಕೂ ಹೊಟ್ಟೆ ಉರೀತು ನನಗೆ.

ಚಿಕ್ಕತ್ತೆಗೆ ಆಕೆಯ ಮನೆ ನಂಬರನ್ನೇ ಕಳಿಸಿ, ಭಾನುವಾರ ಬೆಳಿಗ್ಗೆ ಎರಡೂ ಮನೆಯ ಗೋಡೆ ಫೋಟೋಗಳನ್ನ ಅದಲು ಬದಲು ಮಾಡಿದೆವು. ಆಕೆಯ ಗಂಡ ಮಗಳನ್ನ ಕರ್ಕೊಂಡು ಹೊರಗೆ ಹೋದರು. ನಮ್ಮವರು "ಈ ನಾಟಕಕ್ಕೆ ನಾನು ಬರಲ್ಲ" ಅಂತ ನಮ್ಮ ಮನೆಯಲ್ಲೇ ಬಾಗಿಲು ಮುಂದೆ ಮಾಡ್ಕೊಂಡು ಕೂತರು. ಚಿಕ್ಕತ್ತೆ ಕೇಳಿದರೆ ಇವರಿಗೆ ಆಫೀಸ್ ಕೆಲಸ ಅಂತ ಹೇಳೋದು ಅಂತಾಯ್ತು. ಆಕೆಯ ಅಡುಗೆಮನೆಯಲ್ಲಿ ಕಾಫಿ ಪುಡಿ ಎಲ್ಲಿದೆ ಅಂತ ನನಗೆ ಗೊತ್ತಿಲ್ಲದೆ ಇದ್ದಿದ್ದಕ್ಕೆ ಧಾರವಾಡದಾಕೆ ಪಕ್ಕದ ಮನೆಯಿಂದ ಬಂದ ಅತಿಥಿ ಥರ ತನ್ನದೇ ಸೋಫಾದ ತುದಿಯಲ್ಲಿ ಮುದುರಿ ಕೂತರು.

ಚಿಕ್ಕತ್ತೆ ಬಂದವರೇ ನೀರೂ ಕುಡಿಯದೆ ವಾರ್ಡ್‌ರೋಬ್ ಮುಂದೆ ನಿಂತರು. ಪ್ರತಿ ಡಬ್ಬಿಯ ಹೆಸರು ಓದಿದರು. ರೌಟರ್ ಹಿಂದೆ ಬೆರಳಾಡಿಸಿ ಧೂಳಿದೆಯಾ ಅಂತ ನೋಡಿದರು. ಬೆರಳು ಹೋದ ಹಾಗೇ ಆಚೆ ಬಂತು. ಅವರ ಮುಖ ಇಳಿದುಹೋಯ್ತು. ನಮ್ಮತ್ತೆ ಒಂದು ಗೇಣು ಎತ್ತರ ಆಗಿದ್ದರು.

ಆಗ ಚಿಕ್ಕತ್ತೆಯ ಮಗ ಫೋನ್ ತೆಗೆದು, "ಅತ್ತಿಗೆ, ಇಲ್ಲಿ ಸಿಗ್ನಲ್ ಬರ್ತಿಲ್ಲ. ವೈಫೈ ಪಾಸ್‌ವರ್ಡ್ ಏನು?" ಅಂದ.

ಪಾಸ್‌ವರ್ಡ್! ಅದನ್ನ ಯಾರು ಕೇಳ್ಕೊಂಡಿದ್ರು? ನಾನು "ಅದೂ..." ಅನ್ನೋಷ್ಟರಲ್ಲಿ ಸೋಫಾದ ತುದಿಯಿಂದ ಧಾರವಾಡದಾಕೆ, ಅಭ್ಯಾಸ ಬಲ ನೋಡಿ, ಹದಿನಾಲ್ಕು ಅಕ್ಷರವನ್ನೂ ಗಡಗಡ ಹೇಳಿಬಿಟ್ಟರು. ಯಾವುದು ದೊಡ್ಡಕ್ಷರ, ಎಲ್ಲಿ ಸ್ಟಾರ್ ಅಂತಲೂ.

ಚಿಕ್ಕತ್ತೆ ವಾರ್ಡ್‌ರೋಬ್ ಬಿಟ್ಟು ಆಕೆಯ ಕಡೆ ತಿರುಗಿದರು.

"ಪಕ್ಕದ ಮನೆಯವರಿಗೆ ನಿಮ್ಮ ಪಾಸ್‌ವರ್ಡ್ ಹೇಗೆ ಗೊತ್ತು?" ಅಂದರು ಚಿಕ್ಕತ್ತೆ. ನಮ್ಮತ್ತೆಯ ಮುಖ ಬಿಳುಚಿಕೊಂಡಿತು.

ಆ ಕ್ಷಣ ನನ್ನ ನಾಲಿಗೆ ಮೇಲೆ ಯಾರು ಬಂದು ಕೂತರೋ ಗೊತ್ತಿಲ್ಲ. "ಅಯ್ಯೋ ಏನ್ ಹೇಳ್ತೀರ ಚಿಕ್ಕತ್ತೆ. ಪಾಪ, ಅವರ ಮನೇಲಿ ಸಾಮಾನೆಲ್ಲ ಮಂಚದ ಮೇಲೆ ರಾಶಿ ಬಿದ್ದಿರುತ್ತೆ. ಅವರ ರೌಟರ್ ಎಲ್ಲಿದೆ ಅಂತ ಅವರಿಗೇ ತಿಳಿಯಲ್ಲ. ನೋಡಲಾರದೆ ನಮ್ಮದನ್ನೇ ಉಪಯೋಗಿಸಿ ಅಂತ ಕೊಟ್ಟಿದೀನಿ" ಅಂದೆ.

"ಹೌದ್ರೀ" ಅಂದರು ಧಾರವಾಡದಾಕೆ, ತಲೆ ತಗ್ಗಿಸಿ. "ನಮ್ಮ ಮನ್ಯಾಗ ಭಾಳ ಗದ್ಲ. ಈ ತಾಯಿ ಇದ್ದಾರಂತ ನಡದೈತಿ."

ಚಿಕ್ಕತ್ತೆಯ ಮುಖಕ್ಕೆ ಜೀವ ಬಂತು. ಬಂದಿದ್ದಕ್ಕೆ ಒಂದಾದರೂ ಕೆಟ್ಟ ಮನೆ ನೋಡಿಕೊಂಡು ಹೋಗೋಣ ಅನ್ನಿಸಿರಬೇಕು. "ನಿಮ್ಮ ಮನೇನೂ ಒಂದ್ಸಲ ನೋಡಬಹುದಾ?" ಅಂತ ಎದ್ದೇಬಿಟ್ಟರು. ತಡೆಯೋಷ್ಟರಲ್ಲಿ ಮೆಟ್ಟಿಲಿಳಿದು ನಮ್ಮ ಮನೆ ಬಾಗಿಲು ತಳ್ಳಿದರು.

ಒಳಗೆ ನಮ್ಮವರು ಬನಿಯನ್ನು, ಪಂಚೆ ಉಟ್ಟು, ಸೋಫಾ ಮೇಲೆ ಕಾಲು ಚಾಚಿ ಚುರುಮುರಿ ತಿಂತಿದ್ದಾರೆ.

"ಇವನು ಇಲ್ಲೇನು ಮಾಡ್ತಿದಾನೆ?"

"ಅವರ ರೌಟರ್ ಹುಡುಕಿಕೊಡೋಕೆ ಬಂದಿದಾರೆ ಚಿಕ್ಕತ್ತೆ. ನಾನೇ ಕಳಿಸಿದ್ದೆ."

"ಪಂಚೇಲಿ?"

"ಮಂಚದ ಕೆಳಗೆಲ್ಲ ತೂರಬೇಕಲ್ಲ, ಪ್ಯಾಂಟ್ ಹಾಕಿದ್ರೆ ಆಗಲ್ಲ."

ನಮ್ಮವರು ಚುರುಮುರಿ ಬಾಯಲ್ಲಿಟ್ಟುಕೊಂಡೇ ಎದ್ದು, ಸೀದಾ ಮಗನ ರೂಮಿಗೆ ಹೋಗಿ ಮಂಚದ ಕೆಳಗೆ ತೂರಿದರು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ನನ್ನ ಮಾತನ್ನ ಅಷ್ಟು ಬೇಗ ಕೇಳಿದ್ದು ಅದೊಂದೇ ಸಲ.

ಹಿಂದೆಯೇ ಹೋದ ಚಿಕ್ಕತ್ತೆ ಮಂಚದ ಮೇಲಿನ ರಾಶಿಯನ್ನೆಲ್ಲ ಕಣ್ತುಂಬ ನೋಡಿದರು. ಖಾಲಿ ಬಾಕ್ಸುಗಳು, ಬೂದು ವೈರು, ಎಲ್ಲ. ಆಮೇಲೆ ಧಾರವಾಡದಾಕೆಯ ಭುಜದ ಮೇಲೆ ಕೈಯಿಟ್ಟು, "ಅಲ್ಲಮ್ಮ, ಗೋಡೆಯಾಚೆಗೇ ಇದಾಳೆ ನಮ್ಮಕ್ಕನ ಸೊಸೆ. ಅವಳನ್ನ ನೋಡಿಯಾದ್ರೂ ಕಲೀಬಾರದಾ?" ಅಂದರು. ಆಕೆ "ಕಲೀತೀನ್ರೀ" ಅಂತ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡರು. ನನ್ನ ಆರು ತಿಂಗಳ ಉರಿ ಅಲ್ಲೇ ತಣ್ಣಗಾಯ್ತು, ಸುಳ್ಳು ಯಾಕೆ ಹೇಳಲಿ.

ಕಾರು ತಿರುವು ದಾಟಿ ಮರೆಯಾಗೋವರೆಗೂ ಅತ್ತೆ ಡ್ರೈವ್‌ವೇಯಲ್ಲಿ ಕೈ ಬೀಸ್ತಾ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದು ನನ್ನ ಎರಡೂ ಕೈ ಹಿಡ್ಕೊಂಡರು. ಅವರ ಕೈ ಬೆಚ್ಚಗಿತ್ತು. ನನಗೆ ಅಳು ತಡೆಯೋಕಾಗಲಿಲ್ಲ.

"ಒಂದು ಚೂರೂ ತಡವರಿಸಲಿಲ್ಲ. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಹಿರಿಯರ ಮುಂದೆ ನಿಂತು ಎಂಥಾ ಹಸೀ ಸುಳ್ಳು ಹೇಳಿದೆಯೇ!" ಅಂದರು. "ಇಷ್ಟು ವರ್ಷ ನೀನು ಹೊರಗಿನವಳು ಅಂತಲೇ ಅಂದ್ಕೊಂಡಿದ್ದೆ ಕಣೇ. ಇವತ್ತು ಗೊತ್ತಾಯ್ತು, ನೀನು ಥೇಟ್ ನಮ್ಮ ಮನೆತನದವಳೇ."